ಸಾಣಾಪುರದ ದಾರಿಯಲ್ಲಿ ಒಂದು ಚರಗಿ ನೀರು

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಬಸ್ಸಿನ ಡ್ರೈವರಾಗಿ ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಂದು ಆಯುಷ್ಯವೆಲ್ಲ ತಿರುಗಿದೆ. ಡಿಪೋದಲ್ಲಿ ಚಹಾ ಕುಡಿಯುವಾಗ ಯಾರಾದರೂ ಇಂಥ ತಿರುವಿನಲ್ಲಿ ಬಿಳಿ ಸೀರೆಯವಳೊಬ್ಬಳು ಕೈ ಮಾಡಿದಳು ಎಂದು ಕತೆ ಹೇಳಿದರೆ, "ಟಿಕೀಟ ಹರದ ಕೊಟ್ಟಿಯೋ ಇಲ್ಲೋ?" ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದವನು ನಾನೇ. ಆದ್ದರಿಂದ ಮುಂದಿನದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಕಂಡವರನ್ನೆಲ್ಲ ಊರಿಂದೂರಿಗೆ ಹೊತ್ತು ತಿರುಗಿದೆ, ಹೆಂಡತಿಯನ್ನು ಮಾತ್ರ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಶರಣಮ್ಮ ನಸುಕಿನಲ್ಲೆದ್ದು ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಿದ್ದಳು, ನಾನು ಹೊರಡುತ್ತಿದ್ದೆ. ಸಾಣಾಪುರದ ಕೆರೆ, ಅದರ ಸುತ್ತಲ ಬಂಡೆಗಳು, ಹರಿಗೋಲಿನಲ್ಲಿ ಕೂತು ಹೆದರಿ ಕೂಗುವ ಪ್ರವಾಸಿಗಳು ಎಂದು ನಾನು ಬಂದು ವರ್ಣಿಸಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. "ನನಗೂ ಒಮ್ಮಿ ತೋರಸ್ರಿ" ಎನ್ನುತ್ತಿದ್ದಳು. "ರಿಟೈರ್ ಆಗ್ಲಿ ತಡಿ" ಎನ್ನುವುದು ನನ್ನ ಉತ್ತರ. ಅವಳು ತಡೆದಳು.

ನಿವೃತ್ತನಾದ ಮೇಲೆ ಒಂದು ಹಳೆಯ ವ್ಯಾನು ಕೊಂಡು ಒಳಗೆ ಮಂಚ, ಒಲೆ, ನೀರಿನ ಟಾಕಿ, ಕಿಟಕಿಗೆ ಪರದೆ ಎಲ್ಲ ಮಾಡಿಸಿದೆ. "ಡ್ರೈವರ್ ಮನಿಗೆ ಗಾಲಿ ಹಚ್ಚ್ಯಾನ" ಎಂದು ಓಣಿಯವರು ಆಡಿಕೊಂಡರು. ಆದರೆ ಅಷ್ಟರಲ್ಲಿ ಶರಣಮ್ಮನ ಬೆನ್ನುಮೂಳೆಗೆ ರೋಗ ಹತ್ತಿತ್ತು. ಕಾಲೆತ್ತಿ ವ್ಯಾನಿನ ಮೆಟ್ಟಿಲ ಮೇಲೆ ಇಡಲು ಅವಳಿಂದ ಆಗುತ್ತಿರಲಿಲ್ಲ. ಗಾಡಿಯನ್ನೇ ಕೆಳಗಿಳಿಸಿದರಾಯಿತು ಎಂದುಕೊಂಡೆ.

ಯಲಬುರ್ಗಾದಲ್ಲಿ ಹುಸೇನಸಾಬ ಎಂಬ ನನ್ನ ಹಳೆಯ ಸ್ನೇಹಿತನಿದ್ದಾನೆ. ಲಾರಿ, ಟ್ರ್ಯಾಕ್ಟರುಗಳ ಪಾಟಾ ಕೆಲಸ ಅವನದು. ಪಾಟಾ ಎಂದರೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಕಟ್ಟಿದ ಬಾಗಿದ ಉಕ್ಕಿನ ಪಟ್ಟಿಗಳು. ಆ ಬಾಗು ತೆಗೆದರೆ ಗಾಡಿ ಇಳಿಯುತ್ತದೆ. "ಅಣ್ಣಾರ, ಕೆಳಗ ಇಳಿಸಿದ್ರ ಹತ್ತಾಕ ಹಗೂರ ಆಗ್ತೈತಿ, ಕುಂದ್ರಾಕ ಕಠಿಣ ಆಗ್ತೈತಿ, ವಿಚಾರ ಮಾಡ್ರಿ" ಎಂದು ಅವನು ಮೊದಲೇ ಹೇಳಿದ್ದ. ಗಾಡಿಯ ವಿಷಯದಲ್ಲಿ ನನಗೆ ಯಾರು ಬುದ್ಧಿ ಹೇಳಬೇಕು? ಇಳಿಸು ಎಂದೆ. ಗೇಣುದ್ದ ಇಳಿಸಿದ.

ಅವಳು ನಗುತ್ತಾ ಹತ್ತಿದಳು. ತಳಕಲ್ ತನಕ ಹೋಗಿ ಬರೋಣ ಎಂದು ಹೊರಟೆವು. ಎರೆ ನೆಲದ ಮೇಲಿನ ರಸ್ತೆ ಮಳೆಗೆ ಉಬ್ಬಿ, ಬಿಸಿಲಿಗೆ ಕುಸಿದು ಎಂದೂ ಸಮವಿರುವುದಿಲ್ಲ. ಪ್ರತಿ ಉಬ್ಬಿಗೂ ಗಾಡಿಯ ಅಡಿಭಾಗ ಗಾಲಿಯ ಅಚ್ಚಿಗೆ ಬಡಿದು ದಡ್ ಎನ್ನುತ್ತಿತ್ತು. "ಹೆಂಗೈತಿ?" ಎಂದು ಮುಂದಿನಿಂದ ಕೂಗಿ ಕೇಳಿದೆ. "ಛಲೋ ಐತ್ರಿ" ಎಂದಳು. ತಳಕಲ್‌ನಲ್ಲಿ ಹಿಂದಿನ ಬಾಗಿಲು ತೆಗೆದು ನೋಡಿದರೆ ಎರಡೂ ಕೈಯಿಂದ ಮಂಚದ ಪಟ್ಟಿ ಹಿಡಿದುಕೊಂಡು ಮಲಗಿದ್ದಳು. ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ನನಗೆ ಬೇಜಾರಾದೀತು ಎಂದು ಛಲೋ ಐತಿ ಅಂದಿದ್ದಳು.

ಮರುದಿನ ಹುಸೇನಸಾಬ ನನ್ನನ್ನು ಆ ಮಂಚದ ಮೇಲೆ ಮಲಗಿಸಿ ತಾನು ಗಾಡಿ ಹೊಡೆದ. ಅರ್ಧ ದಾರಿಗೇ ನಿಲ್ಲಿಸು ಎಂದು ಕೂಗಿದೆ. ಮಂಚವನ್ನು ಹಿಂದಿನ ಗಾಲಿಗಳಿಗಿಂತಲೂ ಹಿಂದೆ ಹಾಕಿಸಿದ್ದೆ, ಎತ್ತಿ ಒಗೆಯುವ ಜಾಗ ಅದೇ. ಬಸ್ಸು ಹತ್ತಿದ ಸಣ್ಣ ಹುಡುಗರಿಗೂ ಇದು ಗೊತ್ತು, ನನಗೆ ಗೊತ್ತಿರಲಿಲ್ಲ. ಡ್ರೈವರ್ ಎಂದೂ ಹಿಂದಿನ ಸೀಟಿನಲ್ಲಿ ಕೂತವನಲ್ಲ. "ಸಾವಕಾಶ ಹೊಡೀರಿ" ಎಂದು ಹಿಂದಿನಿಂದ ಬೇಡಿಕೊಂಡವರನ್ನು ಕನ್ನಡಿಯಲ್ಲಿ ನೋಡಿ ನಕ್ಕವನು ನಾನು.

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಮಂಚವನ್ನು ನಡುವಿಗೆ ತಂದೆವು. ಹುಸೇನಸಾಬ ಪಾಟಾದ ದಪ್ಪ ಪಟ್ಟಿಗಳನ್ನು ತೆಗೆದು ತೆಳುವಾದ, ಉದ್ದನೆಯ ಪಟ್ಟಿ ಹಾಕಿದ, ಅವುಗಳ ನಡುವೆ ಗ್ರೀಸು ಮೆತ್ತಿದ, ಹೊಸ ಶಾಕ್ ಅಬ್ಸಾರ್ಬರ್ ಕೂಡಿಸಿದ, ಟೈರಿನ ಗಾಳಿ ಇಳಿಸಿದ. ಪರೀಕ್ಷೆಗೆ ಅವನದೊಂದು ಪದ್ಧತಿ ಇತ್ತು, ಅವನ ಉಸ್ತಾದ ಕಲಿಸಿದ್ದು. ಶರಣಮ್ಮ ತಲೆಯಿಡುವ ಜಾಗದಲ್ಲಿ ಅರಿವೆಯ ಸಿಂಬಿ ಇಟ್ಟು, ಅದರ ಮೇಲೆ ಬಾಯಿತನಕ ನೀರು ತುಂಬಿದ ಚರಗಿ, ಎಂದರೆ ತಂಬಿಗೆ, ಕೂಡಿಸುವುದು. ತಳಕಲ್‌ಗೆ ಹೋಗಿ ಬಂದು ಎಷ್ಟು ಚೆಲ್ಲಿದೆ ಎಂದು ಬೆರಳಿಟ್ಟು ನೋಡುವುದು. ಮೊದಲ ಸಲ ಅರ್ಧ ಚರಗಿ ಚೆಲ್ಲಿ ಹಾಸಿಗೆ ತೊಯ್ದು ತೊಪ್ಪೆಯಾಗಿತ್ತು. ಆಮೇಲೆ ನಾಲ್ಕು ಬೆರಳು. ಆಮೇಲೆ ಒಂದು ಬೆರಳು.

"ಒಂದ ಬೆರಳ ನೀರಿಗೆ ಏನಾತ್ರಿ? ನಾ ಏನು ಗಾಜಿನಾಕಿ ಏನು? ನಡೀರಿ, ಹೋಗೂಣು" ಎಂದಳು ಶರಣಮ್ಮ. ಹುಸೇನಸಾಬನೂ, "ವೈನಿ ಹೇಳೂದು ಖರೆ ಐತ್ರಿ ಅಣ್ಣಾರ" ಎಂದ. ನಾನು ಕೇಳಲಿಲ್ಲ. ತಳಕಲ್‌ನಲ್ಲಿ ಕಂಡ ಆ ತುಟಿ ನನ್ನ ಕಣ್ಣ ಮುಂದಿತ್ತು. ಒಂದು ಹನಿಯೂ ಚೆಲ್ಲಬಾರದು, ಇನ್ನೊಂದು ವಾರ ತಡಿ ಎಂದೆ.

ಆ ವಾರದಲ್ಲೇ ಅವಳನ್ನು ಕೊಪ್ಪಳದ ಆಸ್ಪತ್ರೆಗೆ ಸೇರಿಸಬೇಕಾಯಿತು. ನುಂಗುವ ಶಕ್ತಿ ಹೋಗಿದೆ, ಬಾಯಿಗೆ ನೀರು ಹಾಕಬಾರದು, ಪುಪ್ಪುಸಕ್ಕೆ ಹೋದೀತು ಎಂದು ಡಾಕ್ಟರರು ಹೇಳಿದ್ದರು. ಅವರದೇನೂ ತಪ್ಪಿಲ್ಲ. ಒದ್ದೆ ಅರಿವೆಯಿಂದ ತುಟಿ ಒರೆಸುತ್ತಿದ್ದೆ, ಆ ಅರಿವೆಯನ್ನೇ ಚೀಪುತ್ತಿದ್ದಳು. ಸಾಣಾಪುರದ ಮಾತು ಆಡಲಿಲ್ಲ, ನನ್ನ ಮೇಲೆ ಸಿಟ್ಟೂ ಆಗಲಿಲ್ಲ. "ಒಂದ ಗುಟುಕ ನೀರ ಕೊಡ್ರಿ" ಎಂದಷ್ಟೇ ಕೇಳುತ್ತಿದ್ದಳು. "ನಾಳಿಗೆ ಕೊಡ್ತೀನಿ" ಎಂದೆ. ಆ ನಾಳೆ ಅವಳಿಗೆ ಬರಲಿಲ್ಲ.

ತಿಂಗಳು ಕಳೆದ ಮೇಲೆ ಹುಸೇನಸಾಬ ಮನೆಗೆ ಬಂದ. "ಗಾಡಿ ಪೂರಾ ಆಗೈತ್ರಿ ಅಣ್ಣಾರ. ವೈನಿಗೆ ಅಂತ ಮಾಡಿದ್ದು. ಒಮ್ಮಿ ಆ ಕೆರಿ ತನಕ ಹೋಗಿ ಬರೂಣು" ಎಂದ. ಬೇಡವೆನ್ನುವ ಶಕ್ತಿಯೂ ನನಗಿರಲಿಲ್ಲ. ಚರಗಿ ತುಂಬಿ ಸಿಂಬಿಯ ಮೇಲೆ ಕೂಡಿಸಿದವನು ಅವನೇ. ರೂಢಿಯಂತೆ ಮಾಡಿದ, ಬೇರೇನಿಲ್ಲ. ಹಿಂದಿನ ಬಾಗಿಲಿಗೆ ನಾನೇ ಕೀಲಿ ಹಾಕಿ ಕಿಸೆಯಲ್ಲಿಟ್ಟುಕೊಂಡೆ. ಅವನು ನನ್ನ ಪಕ್ಕದಲ್ಲಿ ಕೂತ.

ಹಾಡಹಗಲು, ಬಿಸಿಲು ಚುರುಗುಟ್ಟುತ್ತಿತ್ತು. ತಳಕಲ್ ದಾಟಿದೆವು, ಕೊಪ್ಪಳ ದಾಟಿದೆವು, ಚಹಾಕ್ಕೂ ನಿಲ್ಲಿಸಲಿಲ್ಲ. ಅದೇ ಉಬ್ಬು, ಅದೇ ತಗ್ಗು, ಗಾಡಿ ಮಾತ್ರ ತೊಟ್ಟಿಲು ತೂಗಿದ ಹಾಗೆ ಹೋಗುತ್ತಿತ್ತು. ಇಷ್ಟು ಚೆನ್ನಾಗಿ ಹೋಗುತ್ತಿದೆಯಲ್ಲ ಎಂದೇ ನನಗೆ ಅಳು ಬಂತು. ಹುಸೇನಸಾಬ ನೋಡಿಯೂ ನೋಡದವನಂತೆ ಕಿಟಕಿಯ ಕಡೆ ಮುಖ ತಿರುಗಿಸಿದ.

ಕೆರೆಯ ದಂಡೆಯಲ್ಲಿ ನಿಲ್ಲಿಸಿ, ಹಿಂದಿನ ಬಾಗಿಲನ್ನು ಕೆರೆಯ ಕಡೆಗೆ ಮಾಡಿ ತೆಗೆದೆ. ಚರಗಿ ಸಿಂಬಿಯ ಮೇಲೆ ನೆಟ್ಟಗೆ ಕೂತಿತ್ತು. ಒಳಗೆ ಒಂದು ಹನಿ ನೀರಿರಲಿಲ್ಲ.

ಚೆಲ್ಲಿರಬೇಕು ಎಂದು ಹಾಸಿಗೆ ಮುಟ್ಟಿದೆ. ಒಣಗಿತ್ತು. ಸಿಂಬಿ ಒಣಗಿತ್ತು. ಹುಸೇನಸಾಬ ಒಳಗೆ ಹತ್ತಿ ದಿಂಬು, ಹಾಸಿಗೆಯ ಅಡಿ, ತಗಡಿನ ನೆಲ ಎಲ್ಲ ಅಂಗೈಯಿಂದ ಒತ್ತಿ ಒತ್ತಿ ನೋಡಿದ. ಚರಗಿಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕಿದ. ಅದನ್ನು ಮತ್ತೆ ಸಿಂಬಿಯ ಮೇಲಿಟ್ಟು, "ಅಣ್ಣಾರ, ಚರಗಿ ಖಾಲಿ ಆದ್ರ ಹಾಸಗಿ ತೊಯ್ದಿರಬೇಕು. ಹಾಸಗಿ ಒಣಾ ಇದ್ರ ಚರಗಿ ತುಂಬಿರಬೇಕು. ಇಷ್ಟು ವರ್ಷದಾಗ ಹಿಂಗ ನಾ ನೋಡಿಲ್ರಿ" ಎಂದ. ಆಮೇಲೆ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು ದೂರ ಹೋಗಿ ಒಂದು ಬಂಡೆಯ ಮೇಲೆ ಕೂತ.

ನಾನು ಟಾಕಿಯಿಂದ ಚರಗಿಯನ್ನು ಮತ್ತೆ ಬಾಯಿತನಕ ತುಂಬಿ ಅಲ್ಲೇ ಇಟ್ಟೆ. ಅದೇ ದಾರಿಯಲ್ಲಿ ಯಲಬುರ್ಗಾಕ್ಕೆ ಬಂದು ಕೀಲಿ ತೆಗೆದರೆ ನೀರು ಇಟ್ಟಷ್ಟೇ ಇತ್ತು. ಆಮೇಲೆ ವಾರಗಟ್ಟಲೆ ಅದೇ ಚರಗಿಯಲ್ಲಿ ನೀರು ತುಂಬಿಟ್ಟು ನೋಡಿದೆ, ಸೋರುವುದಿಲ್ಲ. ಬಿಸಿಲಿಗೆ ಆರಿತೇನೋ ಎಂದು ಅದೇ ಹೊತ್ತಿನಲ್ಲಿ ವ್ಯಾನಿನಲ್ಲಿಟ್ಟು ನೋಡಿದೆ, ಅಷ್ಟು ಬೇಗ ಆರುವುದಿಲ್ಲ. ಡಿಪೋದಲ್ಲಿ ನಾನು ನಗಿಸುತ್ತಿದ್ದ ಹಳೆಯ ಗೆಳೆಯರಲ್ಲಿ ಯಾರಿಗೂ ಇದನ್ನು ಹೇಳಿಲ್ಲ.

ಅವಳು ಬಂದಿದ್ದಳು, ಕೆರೆ ನೋಡಿದಳು, ನೀರು ಕುಡಿದಳು ಎಂದು ನಂಬಿಬಿಡಲು ಜೀವ ಹಾತೊರೆಯುತ್ತದೆ. ಆದರೆ ಹಾಗೆ ನಂಬಿದರೆ ಇನ್ನೊಂದನ್ನೂ ನಂಬಬೇಕಾಗುತ್ತದೆ. ಆಸ್ಪತ್ರೆಯ ಮಂಚದಿಂದ ಆ ಮಧ್ಯಾಹ್ನದವರೆಗೆ, ಅಷ್ಟೂ ದಿನ, ಅವಳು ಬಾಯಾರಿಕೊಂಡೇ ಇದ್ದಳು ಎಂದು.