ಆ ಗುರುವಾರ ಅವರು ಬಂದಿದ್ದರೇ?

ನೆನಪು ಸುಳ್ಳು ಹೇಳುತ್ತದೆ ಎಂದು ಯಾರಾದರೂ ಅಂದರೆ ನಾನು ಮೊದಲೆಲ್ಲ ನಗುತ್ತಿದ್ದೆ. ಮರೆಯುವುದು ಬೇರೆ, ಅದು ಎಲ್ಲರಿಗೂ ಆಗುತ್ತದೆ. ಆದರೆ ಆಗದೇ ಇದ್ದದ್ದು ಆದ ಹಾಗೆ ಕಣ್ಣ ಮುಂದೆ ಬಂದು ನಿಲ್ಲುವುದು ಎಂದರೆ ಅದು ತಲೆ ಕೆಟ್ಟವರ ಮಾತು ಎಂದುಕೊಂಡಿದ್ದೆ. ಈಗ ಹಾಗೆ ಹೇಳುವ ಧೈರ್ಯ ನನಗಿಲ್ಲ. ನನಗೆ ಗೊತ್ತಿದ್ದ ಹಾಗೆ ಬರೆಯುತ್ತೇನೆ. ಓದಿ ನಿಮಗೇನಾದರೂ ತಿಳಿದರೆ ಒಳ್ಳೆಯದು.

ಎರಡು ಸಾವಿರದ ಆರೋ ಏಳೋ ಇಸವಿ. ಆಗ ನಾನು ಠಾಣೆ ಊರಿನ ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆ ಪ್ರದೇಶದ ಹತ್ತಿರ ಒಂದು ಉಡುಪಿ ಹೋಟೆಲಿನಲ್ಲಿ ವೇಟರ್. ಊರಿನಲ್ಲಿ ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಇಲ್ಲಿಗೆ ಬಂದು ಕನ್ನಡ ರಾತ್ರಿ ಶಾಲೆ ಸೇರಿ ಇಪ್ಪತ್ತೇಳನೆಯ ವಯಸ್ಸಿಗೆ ಹತ್ತನೆಯದು ಪಾಸಾದೆ. ಪುಸ್ತಕದಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಗಿರಾಕಿ ಹೇಳಿದ್ದು ಮಾತ್ರ ನಿಲ್ಲುತ್ತಿತ್ತು. ಆರು ಟೇಬಲಿನ ಆರ್ಡರನ್ನು ಬರೆದುಕೊಳ್ಳದೆ ಅಡುಗೆಮನೆಗೆ ಕೂಗಿ ಹೇಳುತ್ತಿದ್ದೆ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ದಿನಾ ಬರುವವರಿಗೆ ನಮ್ಮಲ್ಲಿ ಹೆಸರು ಇರುವುದಿಲ್ಲ, ಅವರು ತಿನ್ನುವುದೇ ಹೆಸರು. ಒಬ್ಬರು ‘ಬೆಣ್ಣೆ ಬೇಡ’, ಇನ್ನೊಬ್ಬರು ‘ಕಡಕ್ ಚಾ’. ನಾನು ಹೇಳುತ್ತಿರುವವರು ‘ಸಾಂಬಾರ್ ಅಲಗ್’. ಎರಡು ಇಡ್ಲಿ, ಒಂದು ವಡೆ, ಸಾಂಬಾರು ಬೇರೆ ಬಟ್ಟಲಲ್ಲಿ. ಧಾರವಾಡದ ಕಡೆಯವರು. ಠಾಕುರ್ಲಿಯಿಂದ ರೈಲಿನಲ್ಲಿ ಬಂದು ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದರು. ನಾಲ್ಕು ವರ್ಷ ಬೆಳಿಗ್ಗೆ ಎಂಟೂ ಹತ್ತರ ಸುಮಾರಿಗೆ ಅದೇ ಗೋಡೆ ಪಕ್ಕದ ಟೇಬಲಿಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಪ್ಲೇಟು ಇಡುತ್ತಿದ್ದೆ. ರಶ್ ಇದ್ದರೆ ಅವರು ಬಾಗಿಲಿಗೆ ಬರುವ ಮೊದಲೇ ಇಟ್ಟದ್ದೂ ಉಂಟು. ನಮ್ಮ ಕೆಲಸದಲ್ಲಿ ಕೈ ಮುಂದೆ, ಕಣ್ಣು ಹಿಂದೆ.

ಒಂದು ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ಒಬ್ಬ ಹೆಂಗಸು ಫೋಟೊ ಹಿಡಿದುಕೊಂಡು ಬಂದರು.

“ಅಣ್ಣಾರ, ಇವ್ರು ನಿಮ್ ಹೋಟೆಲಿಗೆ ಬರ್ತಾರಂತಲ್ರಿ? ನಮ್ಮ ಯಜಮಾನ್ರು. ನಿನ್ನೆಯಿಂದ ಮನಿಗೆ ಬಂದಿಲ್ರಿ. ಫ್ಯಾಕ್ಟರ್‍ಯಾಗೂ ಇಲ್ಲ.”

ಫೋಟೊ ನೋಡಿದ್ದೇ ನಾನು, “ಅರೆ, ನಮ್ಮ ಸಾಂಬಾರ್ ಅಲಗ್! ಇವತ್ತು ಬೆಳಿಗ್ಗೆ ಬಂದಿದ್ರಲ್ಲ ಅಕ್ಕ. ಬಲಗೈಗೆ ಬ್ಯಾಂಡೇಜ್ ಇತ್ತು. ವಡೆ ನಾನೇ ಮುರಿದು ಕೊಟ್ಟದ್ದು,” ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಆಕೆ ಅಲ್ಲೇ ಕುರ್ಚಿಯಲ್ಲಿ ಕುಸಿದರು. ಅಳುತ್ತಲೇ ಬೈಯತೊಡಗಿದರು. “ಎಲ್ಲಿ ಹೋಗಿ ಬಿದ್ದಾರೋ ಏನೋ! ಸಿಟ್ಟು ಮೂಗಿನ ಮ್ಯಾಲ ಅವರ್ದು. ನಿನ್ನೆ ಮುಂಜಾನೆ ನನ್ನ ಜೋಡಿ ಜಗಳಾ ತಗದು, ಏನೂ ತಿನ್ನದ, ಬುತ್ತಿನೂ ಬಿಟ್ಟು ಹೋಗ್ಯಾರ್ರೀ.”

ಕೌಂಟರಿನಲ್ಲಿದ್ದ ಮ್ಯಾನೇಜರ್ ಸಮಾಧಾನಕ್ಕೆ, “ನಮ್ಮ ಇಡ್ಲಿ ಸಿಕ್ಕಿದ್ರೆ ಮನೆ ಯಾಕಮ್ಮ ಬೇಕು ಅವರಿಗೆ? ಸಿಟ್ಟು ಇಳಿದ ಮೇಲೆ ಬರ್ತಾರೆ, ಹೋಗಿ ಅಡಿಗೆ ಮಾಡಿ,” ಎಂದರು. ಆಕೆ ಕಣ್ಣೊರೆಸಿಕೊಂಡು ನಕ್ಕರು. ಮೈದುನನ ಜೊತೆ ಆಸ್ಪತ್ರೆಗಳಲ್ಲಿ ವಿಚಾರಿಸಬೇಕು ಎಂದು ಹೊರಟಿದ್ದರಂತೆ. ಇನ್ನು ಬೇಡ ಎಂದು ಮನೆಗೆ ಹೋದರು.

ವಿಷಯ ಗೊತ್ತಾದದ್ದು ಶನಿವಾರ, ಅವರ ಕಾರ್ಖಾನೆಯವರು ಚಾ ಕುಡಿಯಲು ಬಂದಾಗ. ಬುಧವಾರ ಸಂಜೆಯೇ ಮನೆಗೆ ಹೋಗುವಾಗ ಡೊಂಬಿವ್ಲಿ ದಾಟಿದ ಮೇಲೆ ಅವರು ರೈಲಿನಿಂದ ಬಿದ್ದಿದ್ದರು. ಜೇಬಿನಲ್ಲಿ ರೈಲಿನ ಪಾಸೂ ಇರಲಿಲ್ಲ, ಮೊಬೈಲೂ ಇರಲಿಲ್ಲ. ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಹೆಸರಿಲ್ಲದೆ ಮಲಗಿದ್ದರು. ಪ್ರಜ್ಞೆ ಬರಲೇ ಇಲ್ಲ. ಶುಕ್ರವಾರ ಬೆಳಗಿನ ಜಾವ ತೀರಿಕೊಂಡರು. ಹೆಂಡತಿ, ಮೈದುನ ಹುಡುಕಿಕೊಂಡು ಹೋಗಿ ಗುರುತಿಸಿದ್ದು ಆಮೇಲೆ. ಬಲಗೈ ಮುರಿದಿತ್ತು.

ಗುರುವಾರ ಮಧ್ಯಾಹ್ನ ಅವರು ಇನ್ನೂ ಬದುಕಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಹೆಂಡತಿ ಅವತ್ತೇ ಹುಡುಕಿ ಹೋಗಿ ಒಂದು ರಾತ್ರಿಯಾದರೂ ಪಕ್ಕದಲ್ಲಿ ಕೂರುತ್ತಿದ್ದರು.

ನಮ್ಮ ಗಿರಾಕಿ ಒಬ್ಬರು ಡಾಕ್ಟರ್ ಇದ್ದರು. ಅವರಿಗೆ ಎಲ್ಲ ಹೇಳಿದೆ. ದಿನಾ ನೋಡುವುದನ್ನು ಮೆದುಳು ದಿನಾ ಹೊಸದಾಗಿ ನೋಡುವುದಿಲ್ಲ, ಹಳೆಯದನ್ನೇ ಎತ್ತಿ ಮುಂದಿಡುತ್ತದೆ ಎಂದರು. “ನೀನು ಅಭ್ಯಾಸಬಲದಿಂದ ಪ್ಲೇಟು ಇಟ್ಟಿದ್ದೀಯ. ಆ ಮನುಷ್ಯನನ್ನು ನಿನ್ನ ತಲೆಯೇ ತಂದು ಕೂರಿಸಿದೆ.” ಇದು ನನಗೆ ಅರ್ಥವಾಯಿತು, ಒಪ್ಪಿಕೊಂಡೆ. ಆದರೆ ಅಭ್ಯಾಸ ತರುವುದಾದರೆ ದಿನದ ಮನುಷ್ಯನನ್ನು ತರಬೇಕಲ್ಲ? ನಾಲ್ಕು ವರ್ಷದಲ್ಲಿ ಒಂದು ದಿನವೂ ಅವರ ಕೈಗೆ ಬ್ಯಾಂಡೇಜ್ ಇರಲಿಲ್ಲ. ಅದಕ್ಕೆ ಡಾಕ್ಟರ್, ಕೈ ಮುರಿದ ವಿಷಯ ಆಮೇಲೆ ಕೇಳಿ ಸೇರಿಸಿಕೊಂಡಿರಬೇಕು ಎಂದರು.

ಮ್ಯಾನೇಜರನ್ನು ಕೇಳಿದೆ. “ಬ್ಯಾಂಡೇಜ್ ಅಂತ ನೀನು ಹೇಳಿದ್ದು ನನಗೆ ನೆನಪಿಲ್ಲ ಮಾರಾಯ. ನಾನು ಇಡ್ಲಿ ಜೋಕ್ ಮಾಡಿದ್ದೊಂದು ನೆನಪುಂಟು. ಅದು ಮರೆತುಹೋದ್ರೆ ಸಾಕಿತ್ತು,” ಎಂದರು. ಗುರುವಾರ ಆ ಟೇಬಲಿನಿಂದ ಪ್ಲೇಟು ಖಾಲಿಯಾಗಿ ಬಂದದ್ದು ನನಗೆ ಗೊತ್ತು. ಬೇರೆ ಯಾರಾದರೂ ತಿಂದರೋ ಏನೋ.

ಹದಿನೈದು ದಿನ ಬಿಟ್ಟು ಠಾಕುರ್ಲಿಯ ಅವರ ಮನೆಗೆ ಹೋದೆ. ‘ನನ್ನಿಂದ ತಪ್ಪಾಯಿತು, ಅವರು ಬಂದಿರಲಿಲ್ಲ, ಕ್ಷಮಿಸಿ’ ಎಂದು ಹೇಳಲು ರೈಲಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಆಕೆ ಚಾಪೆ ಹಾಕಿದರು, ನೀರು ಕೊಟ್ಟರು. ಬೈಯಲಿಲ್ಲ. “ಆಸ್ಪತ್ರ್ಯಾಗ ಅವರ ಕೈ ನೋಡಿದ ಕೂಡ್ಲೆ ನಿಮ್ ಮಾತ ನೆನಪಾತ್ರಿ,” ಎಂದರು. ಹಾಗಾದರೆ ಬ್ಯಾಂಡೇಜಿನ ಮಾತು ನಾನು ಮೊದಲೇ ಹೇಳಿದ್ದೆ. ಅಥವಾ ಆಕೆಯ ನೆನಪೂ ನನ್ನದರ ಹಾಗೆಯೋ?

ಬುಧವಾರ ಸಂಜೆಯಿಂದ ಗಂಡ ಆಸ್ಪತ್ರೆಯ ಹಾಸಿಗೆಯಿಂದ ಎದ್ದಿರಲಿಲ್ಲ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎದುರಿಗೆ ಕೂತು ಮೆಲ್ಲಗೆ ಕೇಳಿದರು: “ಅವತ್ತ ಪೂರಾ ತಿಂದ್ರೇನ್ರಿ ಅವ್ರು?”

ಜೋಡಿಸಿಕೊಂಡು ಹೋದ ಮಾತು ಬರಲಿಲ್ಲ. “ಪೂರ್ತಿ ತಿಂದ್ರು ಅಕ್ಕ. ಸಾಂಬಾರ್ ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡ್ರು,” ಎಂದೆ. ಆಕೆ ಸೆರಗು ಬಾಯಿಗೆ ಹಿಡಿದು ತಲೆಯಾಡಿಸಿದರು.

ಆ ಎರಡನೆಯ ಬಟ್ಟಲು ನಾನು ಆಕೆಯ ಮುಖ ನೋಡಿ ಆಗಲೇ ಹುಟ್ಟಿಸಿದ್ದೋ, ನಿಜವಾಗಿ ಕೊಟ್ಟದ್ದೋ ತಿಳಿಯದು. ಇಷ್ಟು ವರ್ಷವಾದ ಮೇಲೂ ಕಣ್ಣು ಮುಚ್ಚಿದರೆ ಅವರು ಎಡಗೈಯಲ್ಲಿ ಬಟ್ಟಲು ಚಾಚುತ್ತಾರೆ. ನಾನು ಹಾಕುತ್ತೇನೆ. ಸಾಂಬಾರು ಬಿಸಿ ಇದೆ, ಹಬೆ ಕಾಣುತ್ತದೆ.