ಘಟದ ಕೆಳಗಿನ ಪೆಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ, ರಕ್ತ ಕಂಡರೆ ನನಗೆ ತಲೆ ತಿರುಗುತ್ತದೆ. ನನ್ನದೇ ಆಗಬೇಕೆಂದಿಲ್ಲ, ಯಾರದಾದರೂ ನಡೆಯುತ್ತದೆ. ಇಂಥ ನನ್ನ ಹತ್ತಿರ, ಗಾಯಗೊಂಡವರಿಗೆ ಪ್ರಥಮ ಚಿಕಿತ್ಸೆ ನೀಡಲು ಈತ ಸಮರ್ಥ ಎಂದು ಸಾರುವ ಪ್ರಮಾಣಪತ್ರವೊಂದಿದೆ. ಅಕ್ಕಲಕೋಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಅದನ್ನು ಕಟ್ಟು ಹಾಕಿಸಿ ತೂಗುಹಾಕಿದ್ದೆ. ಅದರ ಕೆಳಗೇ ಕೂತು ಬದನೆಕಾಯಿ ಹೆಚ್ಚುತ್ತಿದ್ದ ನನ್ನ ಹೆಂಡತಿ ಒಂದು ದಿನ ಬೆರಳು ಕೊಯ್ದುಕೊಂಡಳು. ನಾನು ಎದ್ದು ಹತ್ತಿರ ಹೋಗುವಷ್ಟರಲ್ಲಿ, "ನೀವು ಆಚಿ ಹೋಗ್ರಿ. ನನ್ನ ಬೆರಳ ಹಿಡಕೊಳ್ಳಲೋ, ನಿಮ್ಮನ್ನ ಹಿಡಕೊಳ್ಳಲೋ?" ಎಂದು ತಾನೇ ಒಂದು ಹಳೆಯ ಅರಿವೆ ಸುತ್ತಿಕೊಂಡಳು. ಪ್ರಮಾಣಪತ್ರ ಗೋಡೆಯ ಮೇಲಿಂದ ಸುಮ್ಮನೆ ನೋಡುತ್ತಿತ್ತು.

ಇದು ತೊಂಬತ್ತರ ದಶಕದ ಮಾತು. ನಾನು ಸೊಲ್ಲಾಪುರದ ಒಂದು ಟಾವೆಲ್ ಕಾರಖಾನೆಯಲ್ಲಿ ಕಾರಕೂನನಾಗಿದ್ದೆ. ಬೆಳಗಿನ ಎಸ್.ಟಿ. ಬಸ್ಸು ಹಿಡಿದು ಹೋಗುವುದು, ಸಂಜೆಯ ಎಸ್.ಟಿ. ಹಿಡಿದು ಬರುವುದು, ನಡುವೆ ರಜಿಸ್ಟರು ತುಂಬುವುದು. ಒಂದು ದಿನ ಸರಕಾರದಿಂದ ಕಾಗದ ಬಂತು. ಕಾರಖಾನೆಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು, ಅದನ್ನು ನೋಡಿಕೊಳ್ಳಲು ತರಬೇತಿ ಪಡೆದವನೊಬ್ಬ ಇರಬೇಕು ಎಂದು. ಮಾಲಕರು ಜಾಬರ್ ಶರಣಪ್ಪನನ್ನು ಕರೆಸಿದರು. ಮಗ್ಗಗಳ ಉಸ್ತುವಾರಿಯೆಲ್ಲ ಅವನದು. ಮಗ್ಗದವರಲ್ಲಿ ಒಬ್ಬನನ್ನು ಕಳಿಸು ಎಂದರೆ, "ಒಬ್ಬಾಂವ ಹ್ವಾದ್ರ ನಾಕ ಮಗ್ಗ ನಿಲ್ತಾವ್ರಿ" ಎಂದ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಹೆಂಗಸರಲ್ಲಿ ಒಬ್ಬಳನ್ನು ಕಳಿಸು ಎಂದರೆ, "ಕಂಡಿಕಿ ನಿಂತ್ರ ಎಲ್ಲಾ ಮಗ್ಗಾನೂ ನಿಲ್ತಾವ್ರಿ" ಎಂದ. ಆಗ ಮಾಲಕರ ಕಣ್ಣು ನಿಧಾನವಾಗಿ ನನ್ನ ಟೇಬಲ್ಲಿನ ಕಡೆ ತಿರುಗಿತು.

"ಅಹೋ, ನೀವ ಹೋಗ್ರಿ. ನೀವು ಹ್ವಾದ್ರ ಏನೂ ಬಂದ್ ಬೀಳೂದಿಲ್ಲ" ಎಂದರು.

ಇದನ್ನು ಆಗ ನಾನು ಗೌರವ ಎಂದೇ ತಿಳಿದೆ. ಓದು ಬರಹ ಬಲ್ಲವನು, ಜವಾಬ್ದಾರಿಯ ಮನುಷ್ಯ ಎಂದು ಆರಿಸಿದ್ದಾರೆ ಅಂದುಕೊಂಡೆ. ತರಬೇತಿಗೆ ಹೋಗಿ ನೋಡಿದರೆ ಊರಿನ ಎಲ್ಲ ಕಾರಖಾನೆಗಳೂ ಹೀಗೆಯೇ ಯೋಚಿಸಿದ್ದವು. ಅಲ್ಲಿ ಕೂತವರೆಲ್ಲ ಕಾರಕೂನರೇ. ಯಂತ್ರಕ್ಕೆ ಕೈ ಸಿಕ್ಕಿಸಿಕೊಳ್ಳುವ ಸಾಧ್ಯತೆ ಇದ್ದವರು ಒಬ್ಬರೂ ಇರಲಿಲ್ಲ. ನಮಗೆ ಆಗಬಹುದಾದ ದೊಡ್ಡ ಗಾಯವೆಂದರೆ ಕಾಗದಕ್ಕೆ ಹಾಕುವ ಟಾಚಣಿ ಚುಚ್ಚುವುದು.

ತರಬೇತಿ ಎರಡು ರವಿವಾರ, ಒಂದು ಮಂಗಲ ಕಾರ್ಯಾಲಯದಲ್ಲಿ. ಕಲಿಸುವವರು ಮರಾಠಿಯಲ್ಲಿ ಕಲಿಸಿದರು, ಪುಸ್ತಕ ಇಂಗ್ಲಿಷಿನಲ್ಲಿತ್ತು, ನಾವು ಕನ್ನಡದಲ್ಲಿ ತಿಳಿದುಕೊಂಡೆವು. ಹೀಗೆ ಮೂರು ಭಾಷೆ ದಾಟಿ ಬರುವಷ್ಟರಲ್ಲಿ ರೋಗಿ ಬದುಕಿರುತ್ತಾನೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಅಭ್ಯಾಸಕ್ಕೆ ಗೊಂಬೆ ಇರಲಿಲ್ಲ. ಮದುವೆಯ ಬೀಗರು ಒರಗುವ ಗಾದಿಯೊಂದನ್ನು ಸುತ್ತಿ, ಅಂಗಿ ತೊಡಿಸಿ, ಅದನ್ನೇ ಗಾಯಾಳು ಎಂದರು. ನಾವು ಸರದಿಯ ಪ್ರಕಾರ ಗಾದಿಯ ಎದೆ ಒತ್ತಿದೆವು, ಗಾದಿಯ ಕೈಗೆ ಪಟ್ಟಿ ಕಟ್ಟಿದೆವು. ಗಾದಿಗೆ ರಕ್ತ ಬರುವುದಿಲ್ಲ, ಅದೊಂದು ನನ್ನ ಪುಣ್ಯ. ಮಧ್ಯಾಹ್ನ ಕಡಕ್ ಭಕ್ರಿ, ಶೇಂಗಾ ಚಟ್ನಿ ತಿನ್ನುತ್ತ, ಹಾವು ಕಚ್ಚಿದರೆ ಮೇಲೆ ಕಟ್ಟಬೇಕೋ ಕೆಳಗೆ ಕಟ್ಟಬೇಕೋ ಎಂದು ವಾದಿಸಿದೆವು. ಬರೆಯುವ ಪರೀಕ್ಷೆಯಲ್ಲಿ ನಾನೇ ಮೊದಲಿಗನಾದೆ. ಬಾಯಿಪಾಠದ ವಿಷಯದಲ್ಲಿ ನನ್ನನ್ನು ಮೀರಿಸುವವರು ಕಡಿಮೆ.

ಆಮೇಲೆ ಪೆಟ್ಟಿಗೆ ಬಂತು. ಬಿಳಿ ಬಣ್ಣದ ಕಟ್ಟಿಗೆಯ ಪೆಟ್ಟಿಗೆ, ಮೇಲಕ್ಕೆ ತೆರೆಯುವ ಮುಚ್ಚಳ, ಅದರ ಮೇಲೊಂದು ಕೆಂಪು ಗುರುತು. ಟಿಂಕ್ಚರು, ಹತ್ತಿ, ಪಟ್ಟಿ, ಕತ್ತರಿ, ಮುಲಾಮು ಎಲ್ಲವನ್ನೂ ಯಾದಿಯ ಪ್ರಕಾರ ನಾನೇ ಜೋಡಿಸಿದೆ. ಕಂಡಿಕೆ ವಿಭಾಗದಲ್ಲಿ ಅಂಬಾಭವಾನಿಯ ಫೋಟೋದ ಕೆಳಗೆ, ಗೋಡೆಗೆ ಹೊಡೆದ ಹಲಗೆಯ ಮೇಲೆ ಇಟ್ಟು ಕೀಲಿ ಹಾಕಿದೆ. ಮಾಲಕರು ನೋಡಿ, "ಛಾನ್! ಇನ್ನ ಇದನ್ನ ಯಾರೂ ಮುಟ್ಟಬಾರದು. ಮುಟ್ಟಿದ್ರ ಸಾಮಾನ ಕಮ್ಮಿ ಆಗ್ತಾವ" ಎಂದರು.

ನಗಬೇಡಿ. ನಮ್ಮ ಕಡೆ ಒಳ್ಳೆಯ ವಸ್ತುವನ್ನು ಉಳಿಸುವ ರೀತಿಯೇ ಅದನ್ನು ಬಳಸದಿರುವುದು. ನನ್ನ ತಾಯಿಯ ಟ್ರಂಕಿನಲ್ಲಿ ಬೀಗರು ಬಂದರೆ ಹಾಸಲೆಂದು ಇಟ್ಟ ಚಾದರವೊಂದಿತ್ತು. ಎಷ್ಟೋ ಬೀಗರು ಬಂದು ಹೋದರು, ಯಾರೂ ಆ ಚಾದರಕ್ಕೆ ತಕ್ಕವರು ಅನ್ನಿಸಲಿಲ್ಲ. ಕೊನೆಗೆ ಅದು ಮಡಿಕೆಯ ಗುಂಟ ತಾನೇ ಹರಿಯಿತು. ಕಾನೂನು ಬರೆದವರ ಮನೆಯಲ್ಲಿಯೂ ಇಂಥ ಟ್ರಂಕು ಇದ್ದೀತು. ಪೆಟ್ಟಿಗೆ ಸದಾ ತುಂಬಿರಬೇಕು ಎಂದು ಬರೆದರು. ಬಳಸಿದರೆ ಬರಿದಾಗುತ್ತದೆ, ಬರಿದಾದರೆ ತಪ್ಪಾಗುತ್ತದೆ. ಅದಕ್ಕೇ ನಮ್ಮ ಕಾರಖಾನೆಯಲ್ಲಿ ಬೆರಳು ಕೊಯ್ದರೆ ಅರಿಷಿಣ, ಹಣೆ ಒಡೆದರೆ ತಂಬಾಕಿನ ಪುಡಿ. ಪೆಟ್ಟಿಗೆ ಮಾತ್ರ ನಿಷ್ಕಳಂಕವಾಗಿ ಕೂತಿತ್ತು.

ಪೆಟ್ಟಿಗೆಯ ಹೊರಗೆ ದಾರಕ್ಕೆ ಕಟ್ಟಿದ ಒಂದು ಕಾರ್ಡು ತೂಗುತ್ತಿತ್ತು. ಪ್ರತಿ ತಿಂಗಳು ನಾನು ಅದರ ಮೇಲೆ "ತಪಾಸಿಸಿದೆ, ಎಲ್ಲ ಸರಿ ಇದೆ" ಎಂದು ಬರೆದು ಸಹಿ ಹಾಕುತ್ತಿದ್ದೆ. ಕೀಲಿ ತೆಗೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಯಾರೂ ಮುಟ್ಟದ್ದು ಎಲ್ಲಿ ಹೋದೀತು? ವರ್ಷಕ್ಕೊಮ್ಮೆ ಸರಕಾರದ ಸಾಹೇಬರು ತಪಾಸಣೆಗೆ ಬರುತ್ತಿದ್ದರು. ಬರುವ ಸುದ್ದಿ ಅವರಿಗಿಂತ ಎರಡು ದಿನ ಮೊದಲೇ ಬರುತ್ತಿತ್ತು. ಆಗ ಯಂತ್ರ ತಿರುಗಿಸುವ ಪಟ್ಟಾಕ್ಕೆ ಕೈ ಸಿಗದಂತೆ ಹಾಕುವ ತಂತಿಯ ಜಾಳಿಗಳನ್ನು ಗೋದಾಮಿನಿಂದ ತೆಗೆದು, ಧೂಳು ಝಾಡಿಸಿ ಕೂಡಿಸುತ್ತಿದ್ದೆವು. ಸಾಹೇಬರು ಜಾಳಿ ನೋಡಿದರು, ಕಾರ್ಡು ನೋಡಿದರು, ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು, ಚಹಾ ಕುಡಿದರು. ಅವರ ಜೀಪು ಗೇಟು ದಾಟಿತೋ ಇಲ್ಲವೋ, ಜಾಳಿಗಳು ಮತ್ತೆ ಗೋದಾಮು ಸೇರಿದವು. ಜಾಳಿ ಇದ್ದರೆ ಪಟ್ಟಾ ಸರಿಮಾಡಲು ಹೊತ್ತು ಹಿಡಿಯುತ್ತದೆ ಎಂದು ಶರಣಪ್ಪನ ವಾದ. ಅದನ್ನೂ ನಾನು ನೋಡಿದ್ದೆ. ನೋಡಿದ್ದನ್ನು ಬರೆಯಲು ರಜಿಸ್ಟರಿನಲ್ಲಿ ಅಂಕಣ ಇರಲಿಲ್ಲ.

ಹೀಗಿರುವಾಗ ನವರಾತ್ರಿ ಬಂತು. ಕಂಡಿಕೆ ಸುತ್ತುವ ಹೆಂಗಸರು ಕಾರಖಾನೆಯಲ್ಲಿ ಘಟ ಕೂಡಿಸುವುದೆಂದು ನಿಶ್ಚಯಿಸಿದರು. ಎಲೆ ಹಚ್ಚಿದ ಪತ್ರಾವಳಿಯಲ್ಲಿ ಮಣ್ಣು ಹಾಕಿ ಜೋಳ, ಗೋದಿ ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಇಡುತ್ತಾರೆ. ಪಕ್ಕದಲ್ಲಿ ಒಂಬತ್ತು ದಿನ ಆರದ ದೀಪ. ಒಮ್ಮೆ ಕೂಡಿಸಿದ ಘಟವನ್ನು ದಸರೆಯತನಕ ಕದಲಿಸುವಂತಿಲ್ಲ. ಇವರ ಮುಂದಾಳು ಮಾಳಕವ್ವ. ಮಂದ್ರೂಪದ ಕಡೆಯವಳು, ಗಟ್ಟಿ ದನಿ, ಎಡಗೈಯ ಎರಡೇ ಬೆರಳಲ್ಲಿ ಹರಿದ ನೂಲನ್ನು ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುವವಳು. ಅವಳ ಮನೆ ನಡೆಯುತ್ತಿದ್ದುದು ಆ ಎರಡು ಬೆರಳುಗಳ ಮೇಲೆ.

ಅವಳು ನನ್ನ ಹತ್ತಿರ ಬಂದು, "ಸಾಹೇಬ್ರ, ದೇವೀ ಬುಡಕ ನಿಮ್ಮ ಪೆಟಗಿ ಐತೆಲ್ಲ, ಅದನ್ನ ಯಾರರ ತಗೀತಾರೇನ್ರಿ?" ಎಂದು ಕೇಳಿದಳು.

ನಾನು ಹೆಮ್ಮೆಯಿಂದ, "ಯಾರೂ ತಗಿಯಂಗಿಲ್ಲವಾ. ಕೀಲಿ ನನ್ನ ಹತ್ರ ಅದ" ಎಂದೆ.

"ಹಂಗಾರ ಘಟ ಅದರ ಮ್ಯಾಲೇ ಕೂಡಸ್ತೀವಿ" ಎಂದಳು. ಕೂಡಿಸಿದರು. ಎರಡು ರವಿವಾರ ತರಬೇತಿ ಪಡೆದ ನನಗೆ, ಮುಚ್ಚಳದ ಮೇಲೆ ಕದಲಿಸಬಾರದ್ದನ್ನು ಇಟ್ಟರೆ ಮುಚ್ಚಳ ತೆರೆಯುವುದಿಲ್ಲ ಎಂಬ ಮಾತು ಹೊಳೆಯಲೇ ಇಲ್ಲ. ಮೊದಲ ದಿನ ನಾನೂ ಅಲ್ಲಿ ಕೈಮುಗಿದೆ, ಸಕ್ಕರೆ ತಿಂದೆ.

ಐದನೆಯ ದಿನ ಘಟಕ್ಕೆ ನೀರು ಹಾಕಿ, ಉಪವಾಸದ ಹೊಟ್ಟೆಯಲ್ಲೇ ಮಾಳಕವ್ವ ಯಂತ್ರದ ಮುಂದೆ ನಿಂತಿದ್ದಳು. ಜಾಳಿ ಗೋದಾಮಿನಲ್ಲಿತ್ತು. ಪಟ್ಟಾಕ್ಕೆ ಸಿಕ್ಕ ನೂಲನ್ನು ಎಳೆಯಲು ಹೋದ ಅವಳ ಎಡಗೈಯ ತೋರುಬೆರಳನ್ನು ಪಟ್ಟಾ ಎಳೆದುಕೊಂಡಿತು. ಕೂಗು ಕೇಳಿ ಶರಣಪ್ಪ ಓಡಿಬಂದು ಮೋಟರು ಬಂದ್ ಮಾಡಿದ. ಎಲ್ಲರೂ ಅವಳನ್ನು ಪೆಟ್ಟಿಗೆಯ ಹತ್ತಿರ ಕರೆತಂದರು. ನಾನು ಕೀಲಿ ಹಿಡಿದು ಓಡಿದೆ. ಓಡಿ ಹೋಗಿ ನಿಂತೆ. ಎಲ್ಲರೂ ನಿಂತರು. ಪೆಟ್ಟಿಗೆಯ ಮೇಲೆ ಘಟ, ಬೆರಳುದ್ದದ ಹಳದಿ ಸಸಿ, ಉರಿಯುವ ದೀಪ.

"ತಗೀರಿ ಸಾಹೇಬ್ರ" ಎಂದರು ಯಾರೋ.

"ಘಟ ಅದ ಅಲ್ಲ…" ಎಂದೆ.

"ಘಟ ಅಳ್ಳಾಡಿಸಿದ್ರ ಛೊಲೊ ಆಗಂಗಿಲ್ರಿ" ಎಂದ ಶರಣಪ್ಪ, ತಲೆ ಕೆಳಗೆ ಹಾಕಿ.

ನನ್ನ ಪುಸ್ತಕದಲ್ಲಿ ಮುರಿದ ಮೂಳೆಗೆ ಉಪಾಯವಿತ್ತು, ಸುಟ್ಟ ಗಾಯಕ್ಕೆ ಉಪಾಯವಿತ್ತು, ಕೂಡಿಸಿದ ದೇವಿಗೆ ಇರಲಿಲ್ಲ. ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಮಾತನ್ನು ಇಂದಿಗೂ ನೆನೆದರೆ ಮೈ ಹಿಡಿಯಾಗುತ್ತದೆ. "ಯಾರರ ಪೂಜಾರಿನ್ನ ಕರಕೊಂಡ ಬರ್ರಿ, ಕೇಳೋಣು" ಎಂದೆ.

ಮಾಳಕವ್ವ ನನ್ನನ್ನು ಒಮ್ಮೆ ನೋಡಿದಳು. "ಪೂಜಾರಿ ಬರೂತನಾ ನನ್ನ ಬೆರಳ ನಿಂದರತೈತೇನ್ರಿ?" ಎಂದಳು. ಗಾಯದ ಕೈಯನ್ನು ಎದೆಗೆ ಒತ್ತಿಕೊಂಡು ಘಟದ ಕಡೆ ತಿರುಗಿದಳು. "ತಾಯಿ, ಜರಾ ಆಚಿ ಸರಿ. ನಿನಗ ಎಂಟ ಕೈ ಅದಾವ, ನನಗ ಇರೂವ ಎರಡ." ಅಷ್ಟೇ. ಜೊತೆಗಾತಿ ದೀಪ ಹಿಡಿದಳು, ಮಾಳಕವ್ವ ಬಲಗೈಯಿಂದ ಪತ್ರಾವಳಿ ಸಮೇತ ಘಟವನ್ನು ಪೆಟ್ಟಿಗೆಯ ಮೇಲಿಂದ ಹಲಗೆಯ ತುದಿಗೆ ಸರಿಸಿ ಇಳಿಸಿದಳು. ಆಕಾಶ ಕಳಚಿ ಬೀಳಲಿಲ್ಲ, ದೀಪವೂ ಆರಲಿಲ್ಲ.

ನಾನು ಕೀಲಿ ತಿರುಗಿಸಿ ಮುಚ್ಚಳ ಎತ್ತಿದೆ. ಟಿಂಕ್ಚರು ಒಣಗಿ ಬಾಟಲಿಯ ತಳದಲ್ಲಿ ಕಂದು ಕಲೆಯಾಗಿತ್ತು. ಕತ್ತರಿ ತುಕ್ಕು ಹಿಡಿದಿತ್ತು. ಪೆಟ್ಟಿಗೆಯ ಹಿಂಬದಿಗೆ ತೂತು ಕೊರೆದು ಇಲಿಯೊಂದು ಹತ್ತಿಯಲ್ಲಿ, ಪಟ್ಟಿಯಲ್ಲಿ ಸಂಸಾರ ಹೂಡಿತ್ತು. ಹೊರಗೆ ಕಾರ್ಡು ತೂಗುತ್ತಿತ್ತು, ಒಂದರ ಕೆಳಗೊಂದು ನನ್ನ ಸಹಿ. ಎಲ್ಲ ಸರಿ ಇದೆ, ಎಲ್ಲ ಸರಿ ಇದೆ.

ಆಗ ನಾನು ಅವಳ ಕೈ ನೋಡಿದೆ. ನೋಡಬಾರದಿತ್ತು. ಅಲ್ಲೇ ನೆಲಕ್ಕೆ ಕೂತೆ. ಕಣ್ಣು ಕತ್ತಲೆ ಬರುವಾಗ ಕೊನೆಗೆ ಕೇಳಿದ್ದು ಮಾಳಕವ್ವನ ದನಿ: "ಅಯ್ಯ, ಸಾಹೇಬ್ರಿಗಿ ನೀರ ಕೊಡ್ರೆವಾ."

ಶರಣಪ್ಪ ಮಗ್ಗದಿಂದ ಆಗತಾನೇ ಇಳಿದ ಹೊಸ ಟಾವೆಲ್ಲನ್ನು ಅವಳ ಕೈಗೆ ಸುತ್ತಿ, ಆಟೋದಲ್ಲಿ ದವಾಖಾನೆಗೆ ಕರೆದೊಯ್ದ. ಊರಿಗೆಲ್ಲ ಟಾವೆಲ್ ನೇಯುವ ನಮಗೆ ಅದು ಹೊಳೆಯಲು ಅಷ್ಟು ಹೊತ್ತು ಹಿಡಿದಿತ್ತು. ಬೆರಳು ಉಳಿಯಿತು, ತುದಿ ಉಳಿಯಲಿಲ್ಲ. ಅಪಘಾತದ ರಜಿಸ್ಟರಿನಲ್ಲಿ "ಸ್ಥಳದಲ್ಲಿಯೇ ಪ್ರಥಮ ಚಿಕಿತ್ಸೆ ನೀಡಲಾಯಿತು" ಎಂದು ಬರೆಯಿರಿ ಎಂದರು ಮಾಲಕರು. ಬರೆದೆ. ಯಾರು ಯಾರಿಗೆ ನೀಡಿದರು ಎಂಬ ಅಂಕಣ ಅಲ್ಲಿಯೂ ಇರಲಿಲ್ಲ. ಆ ಸಂಜೆ ಮನೆಗೆ ಬಂದು ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿದೆ. ನನಗೆ ನಾಚಿಕೆಯಾಗಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ಶರಣಪ್ಪ ಮರುದಿನವೇ ಯಾರನ್ನೂ ಕೇಳದೆ ಜಾಳಿಗಳನ್ನು ತಂದು, ಬಿಚ್ಚಲು ಬಾರದಂತೆ ಕೂಡಿಸಿಬಿಟ್ಟ. ನಾನು ಹೊಸ ಹತ್ತಿ, ಹೊಸ ಪಟ್ಟಿ ತಂದೆ, ತೂತಿಗೆ ತಗಡು ಹೊಡೆಸಿದೆ. ಒಂದೂವರೆ ತಿಂಗಳಿಗೆ ಮಾಳಕವ್ವ ಕೆಲಸಕ್ಕೆ ಬಂದಳು. ತೋರುಬೆರಳು ಕೇಳದೆ ಹೋದಾಗ ನಡುಬೆರಳಿನಲ್ಲಿ ಗಂಟು ಹಾಕುವುದನ್ನು ಕಲಿತಳು. ಮೊದಲಿನ ವೇಗ ಬರಲಿಲ್ಲ. ಒಂದು ದಿನವೂ ನನ್ನನ್ನು ಬೈಯಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

ಮರುವರ್ಷ ನವರಾತ್ರಿಯ ಮೊದಲ ದಿನ ಕಾರಖಾನೆಗೆ ಬಂದು ನೋಡುತ್ತೇನೆ, ನನ್ನ ಟೇಬಲ್ಲಿನ ಮೇಲೆ ಘಟ! ರಜಿಸ್ಟರುಗಳೆಲ್ಲ ಕಪಾಟಿನ ಮೇಲೆ. ಪಕ್ಕದಲ್ಲಿ ಮಾಳಕವ್ವ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ಇದೇನವಾ ಇದು?" ಎಂದೆ.

"ಒಂಬತ್ತ ದಿನ ಅಳ್ಳಾಡಿಸಬಾರದು, ಯಾರಿಗೂ ಬೇಕಾಗಬಾರದು, ಅಂಥಾ ಜಾಗಾ ಹುಡಿಕಿದ್ವಿರಿ ಸಾಹೇಬ್ರ" ಎಂದಳು, ಬತ್ತಿ ಸರಿಮಾಡುತ್ತ. "ಇಡೀ ಕಾರಖಾನ್ಯಾಗ ಇದೊಂದ ಸಿಕ್ತು."

ನಾನು ಒಂದು ಸ್ಟೂಲು ಎತ್ತಿಕೊಂಡು ಹೋಗಿ ಪೆಟ್ಟಿಗೆಯ ಪಕ್ಕ ಕೂತೆ. ಕೂತು ಏನು ಮಾಡುವುದು? ಕೀಲಿ ತೆಗೆದು ಒಳಗಿನದನ್ನು ಎಣಿಸಿದೆ. ಮರುದಿನವೂ ಎಣಿಸಿದೆ. ಮೂರನೆಯ ದಿನ ಒಬ್ಬಳ ಬೆರಳಿಗೆ, ಮುಖ ಅತ್ತ ತಿರುಗಿಸಿಕೊಂಡೇ, ಪಟ್ಟಿ ಕಟ್ಟಿದೆ. ಒಂಬತ್ತು ದಿನವೂ ಮಾಲಕರು ಹೇಳಿದಂತೆ ಏನೂ ಬಂದ್ ಬೀಳಲಿಲ್ಲ. ದಸರೆಯ ದಿನ ಟೇಬಲ್ಲು ಖಾಲಿಯಾಯಿತು. ನಾನು ಸ್ಟೂಲಿನಿಂದ ಏಳಲಿಲ್ಲ.