ಮೆಣಸಿನಕಾಯಿ ಘಾಟೂ ಲಕ್ಷ ದಾಟಿದ ಬಿಳಿ ಕಣವೂ

ಖರ್ಚು ಎಷ್ಟಾಯಿತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಯಾರೇ ಆಸ್ಪತ್ರೆಯಿಂದ ಬಂದರೂ ‘ಹೆಂಗದಾರ?’ ಅನ್ನುವುದಕ್ಕಿಂತ ಮುಂಚೆ ‘ಎಷ್ಟ ಆತು?’ ಅಂತಲೇ ಕೇಳುವುದು. ಗುಳಿಗೆಯ ಖರ್ಚು ಬಿಟ್ಟು, ಒಂದು ಜೊತೆ ಒಳ್ಳೆಯ ಎತ್ತು ಬರುವಷ್ಟಾಯಿತು. ಅದರಲ್ಲಿ ಅರ್ಧ ನನ್ನ ಹೆಂಡತಿಯ ರೋಗಕ್ಕೆ ಹೋಯಿತು, ಇನ್ನರ್ಧ ನಮ್ಮೆಲ್ಲರ ಜಾಣತನಕ್ಕೆ. ರೋಗದ ಖರ್ಚಿಗೆ ರಸೀದಿ ಇದೆ. ಜಾಣತನಕ್ಕೆ ಯಾರೂ ರಸೀದಿ ಕೊಡಲಿಲ್ಲ.

ನಾನು ಬ್ಯಾಡಗಿಯಲ್ಲಿ ದಲಾಲಿ ಅಂಗಡಿ ಇಟ್ಟವನು. ರೈತರು ತಂದ ಮೆಣಸಿನಕಾಯಿಯನ್ನು ಖರೀದಿದಾರರಿಗೆ ತೋರಿಸಿ ದರ ಕುದುರಿಸುವ ಕೆಲಸ. ಖಾಲಿ ಗೋಣಿಚೀಲ ಮಾರುವುದರಿಂದ ಶುರುಮಾಡಿ ಮೇಲೆ ಬಂದೆ. ಅಷ್ಟು ದೂರ ಬರಲು ಕಲಿತ ಪಾಠ ಒಂದೇ: ಮೊದಲು ಹೇಳಿದ ದರ ದರವಲ್ಲ. ಇದನ್ನು ತರಕಾರಿಯವಳ ಮುಂದೆ, ಸೀರೆ ಅಂಗಡಿಯ ಮುಂದೆ, ಬೀಗರ ಮುಂದೆ ಕೂಡ ಹೂಡಿ ಗೆದ್ದಿದ್ದೆ.

ಮೊಬೈಲಿಗೆ ಬರುವ ಕರೆ ಪುಕ್ಕಟೆಯಾದ ಹೊಸತು. ಸುಗ್ಗಿ ಜೋರಾಗಿತ್ತು. ಹೆಂಡತಿಗೆ ಸುಸ್ತು ಶುರುವಾಯಿತು. ಎರಡು ತುತ್ತು ತಿಂದರೆ ಹೊಟ್ಟೆ ತುಂಬುತ್ತಿತ್ತು, ಎಡಪಕ್ಕೆಯ ಕೆಳಗೆ ಕಲ್ಲು ಕಟ್ಟಿದ ಹಾಗೆ ಭಾರ. ಊರಲ್ಲೇ ರಕ್ತ ಕೊಟ್ಟೆವು. ಬಿಳಿ ರಕ್ತಕಣ ಒಂದು ಲಕ್ಷ ಎಂಬತ್ತು ಸಾವಿರ ಅಂತ ಬಂತು. ನಾಲ್ಕರಿಂದ ಹನ್ನೊಂದು ಸಾವಿರ ಇರಬೇಕು ಅಂತ ಪಕ್ಕದಲ್ಲೇ ಅಚ್ಚಾಗಿತ್ತು.

“ಒಂದು ಸೊನ್ನಿ ಜಾಸ್ತಿ ಬಿದ್ದೈತಿ ನೋಡ್ರಿ,” ಅಂದೆ ಲ್ಯಾಬಿನವನಿಗೆ.

“ಸೊನ್ನಿ ನಾ ಹಾಕಂಗಿಲ್ರಿ ಸಾಹುಕಾರ್ರ, ಮಷೀನ್ ಹಾಕ್ತೈತಿ. ಲಗೂನ ದೊಡ್ಡ ಡಾಕ್ಟರಿಗೆ ತೋರಿಸ್ರಿ.”

ಲಗೂನ ಅಂದದ್ದೇ ನನಗೆ ಅನುಮಾನ. ನಮ್ಮ ಮಾರ್ಕೆಟ್ಟಿನಲ್ಲಿ ಅವಸರ ಮಾಡುವವನು ಚೀಲದ ತಳದಲ್ಲಿ ಏನೋ ಮುಚ್ಚಿಟ್ಟಿರುತ್ತಾನೆ. ಮರುದಿನ ಹಾವೇರಿಗೆ ಕರೆದುಕೊಂಡು ಹೋಗಿ ಬೇರೆ ಲ್ಯಾಬಿನಲ್ಲಿ ಕೊಡಿಸಿದೆ. ಅಲ್ಲಿ ಒಂದು ಲಕ್ಷ ತೊಂಬತ್ತೈದು ಸಾವಿರ.

ಪಕ್ಕದ ಅಂಗಡಿಯ ದಲಾಲ ನನ್ನ ಹಳೆಯ ಗೆಳೆಯ. ಎಲ್ಲ ರೋಗಕ್ಕೂ ಅವನ ಹತ್ತಿರ ಒಂದು ಅಭಿಪ್ರಾಯ ಸಿದ್ಧವಿರುತ್ತದೆ. ಎರಡೂ ಚೀಟಿ ನೋಡಿ ಅವನು ನಕ್ಕ.

“ಇದು ಘಾಟಿನ ಕೌಂಟಲೇ! ದಿನಾ ಅಂಗಡಿಗೆ ಬುತ್ತಿ ತರತಾಳ, ಧೂಳ ಕುಡಿತಾಳ. ನನ್ನ ಕೌಂಟೂ ಒಮ್ಮೆ ಏರಿತ್ತು. ಶೀನಿ ಶೀನಿ ತಾನ ಇಳೀತು.”

“ನಿನಗ ಎಷ್ಟು ಏರಿತ್ತು?”

“ಹದಿಮೂರು ಸಾವಿರ.”

ಹದಿಮೂರು ಸಾವಿರಕ್ಕೂ ಒಂದು ಲಕ್ಷ ತೊಂಬತ್ತೈದು ಸಾವಿರಕ್ಕೂ ಇರುವ ಅಂತರವನ್ನು ಮೆಣಸಿನಕಾಯಿಯ ದರದಲ್ಲಾಗಿದ್ದರೆ ನಾವಿಬ್ಬರೂ ನಿದ್ದೆಯಲ್ಲಿಯೂ ಹಿಡಿಯುತ್ತಿದ್ದೆವು. ರಕ್ತದಲ್ಲಿ ಹಿಡಿಯಲಿಲ್ಲ. ಬ್ಯಾಡಗಿಯಲ್ಲಿ ಯಾರಿಗೆ ಏನಾದರೂ ಘಾಟಿನ ತಲೆಗೆ ಕಟ್ಟುವುದು ನಮಗೆ ರೂಢಿ. ಕೆಮ್ಮಿಗೆ ಘಾಟು, ಕಣ್ಣುರಿಗೆ ಘಾಟು. ಹುಡುಗರು ಪರೀಕ್ಷೆಯಲ್ಲಿ ನಪಾಸಾದರೂ ಘಾಟು.

“ಬಿಳೀ ಕಣ ಅಂದ್ರ ಸೈನಿಕರಿದ್ದಂಗ. ಹೆಚ್ಚಿದ್ರ ಛಲೋನ ಆತಲ್ಲ ವೈನಿ,” ಅಂದ ಗೆಳೆಯ, ಬುತ್ತಿ ತಂದು ಮೂಲೆಯಲ್ಲಿ ಕೂತಿದ್ದವಳ ಕಡೆ ತಿರುಗಿ.

ನನ್ನ ಹೆಂಡತಿ ಕೂತಲ್ಲಿಂದಲೇ ಹೇಳಿದಳು: “ಲಕ್ಷಗಟ್ಟಲೆ ಸೈನಿಕರಿಗೆ ಅನ್ನ ಹಾಕೋರು ಯಾರಪಾ? ನನ್ನ ಮೈಯಾಗಿನ ಮಾಂಸಾನ ತಿನ್ನಾಕತ್ತಾರ.”

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದರ ಏರುಪೇರಾದಾಗ ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯುವುದು ನಮ್ಮ ಪದ್ಧತಿ. ಹಾಗೆಯೇ ಅವಳನ್ನು ಘಾಟಿಲ್ಲದ ಗಾಳಿಗೆ ಅಂತ ಗಳಗನಾಥದ ತವರಿಗೆ ಕಳಿಸಿದೆವು. ನದಿ ಕೂಡುವ ಜಾಗ, ತಂಪು ಗಾಳಿ. ರಕ್ತವೂ ತಂಪಾಗುತ್ತದೆ ಅಂತ ಹಿರಿಯರ ತೀರ್ಮಾನ. ಕದರಮಂಡಲಗಿಯ ಹನುಮಪ್ಪನಿಗೆ ಹರಕೆಯನ್ನೂ ಹೊತ್ತೆ. ಕೌಂಟು ಐವತ್ತು ಸಾವಿರಕ್ಕೆ ಇಳಿದರೆ ಇಷ್ಟು, ಹತ್ತಕ್ಕೆ ಇಳಿದರೆ ಇಷ್ಟು, ಅಂತ ದೇವರ ಮುಂದೆಯೂ ಎರಡು ದರ ಇಟ್ಟೆ. ದೇವರು ಕುದುರಿಸಲು ಬರಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಅವಳು ಬಸ್ಸಿಳಿದು ಬಂದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಓಣಿಯ ಹೆಂಗಸರು ಬಾಗಿಲಲ್ಲೇ ತಡೆದು, “ಏನವಾ, ಹುಣಸಿಕಾಯಿ ಕಳಸಬೇಕೇನ?” ಅಂತ ಕಣ್ಣು ಹೊಡೆದರು.

“ಮಗಳ ಬಾಣಂತನ ಮಾಡಿದಾಕಿಗೆ ಹುಣಸಿಕಾಯಿ ಕೊಡಾಕ ಬಂದೀರಿ, ನಿಮ್ಮ ಬಾಯಿಗೆ ಇಟ್ಕೋರಿ,” ಅಂತ ಅವರನ್ನು ದಾಟಿ ಒಳಗೆ ಬಂದು, ಚೀಲವನ್ನೂ ಇಳಿಸದೆ ನನ್ನ ಮುಂದೆ ನಿಂತಳು.

“ಮೆಣಸಿನಕಾಯಿ ಇಟ್ಟಂಗ ನನ್ನನ್ನೂ ಇಟ್ಟು ಕಾದ್ರಿ. ಈಗ ಹೇಳ್ರಿ, ನನ್ನ ರೇಟು ಏರಿತೋ ಇಳೀತೋ? ನಾ ರಾಣೆಬೆನ್ನೂರಿಗೆ ಹೊಂಟೇನಿ. ಬರೋದಿದ್ರ ಚಪ್ಪಲಿ ಹಾಕ್ಕೋರಿ.”

ಹಾಕಿಕೊಂಡೆ.

ರಾಣೆಬೆನ್ನೂರಿನ ಡಾಕ್ಟರು ಚೀಟಿಗಳನ್ನು ಬದಿಗಿಟ್ಟು, ಮೊದಲು ಅವಳನ್ನು ಮಲಗಿಸಿ ಎಡಪಕ್ಕೆಯ ಕೆಳಗೆ ಕೈಯಿಟ್ಟರು. ಕೈ ಹೊಕ್ಕುಳದವರೆಗೂ ಇಳಿಯಿತು. “ಗುಲ್ಮ, ಅಂದ್ರ ಸ್ಪ್ಲೀನು, ಬೆಳದು ಹೊಟ್ಟಿ ಒತ್ತಾಕತ್ತೈತಿ. ಅದಕ್ಕ ಊಟ ಸೇರವಲ್ದು,” ಅಂದರು. ಜ್ವರ ಇತ್ತೇ, ಎಲ್ಲಾದರೂ ಕೀವಾಗಿತ್ತೇ, ಮಂಡಿನೋವಿಗೆ ಯಾರಾದರೂ ಪುಡಿ ಕೊಟ್ಟಿದ್ದರೇ ಅಂತ ಕೇಳಿದರು. ಯಾವುದೂ ಇಲ್ಲ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಕೊಂಡೊಯ್ದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಬಂದ ಮೇಲೆ ಬಿಡಿಸಿ ಹೇಳಿದರು. “ಸೋಂಕಾದ್ರ ಹದಿನೈದು, ಇಪ್ಪತ್ತು ಸಾವಿರ ಆಗ್ತೈತಿ. ಮಂಡಿನೋವಿನ ಪುಡಿಯಾಗ ಬೆರೆಸೋ ಸ್ಟೀರಾಯ್ಡ್ ತಗೊಂಡ್ರೂ ಏರ್ತೈತಿ. ಭಾರೀ ಸೋಂಕಾದ್ರ ಐವತ್ತೂ ದಾಟಬಹುದು, ಅದು ಅಪರೂಪ. ಧೂಳು, ಘಾಟಿನ ಅಲರ್ಜಿಗೆ ಲಕ್ಷ ಆಗಂಗಿಲ್ಲ. ಲಕ್ಷ ದಾಟಿತಂದ್ರ ರಕ್ತ ಹುಟ್ಟೋ ಜಾಗದಾಗನ, ಅಂದ್ರ ಎಲುಬಿನ ಮಜ್ಜೆಯಾಗ, ಏನಾಗೈತಿ ಅಂತ ನೋಡಬೇಕು. ನಿಮ್ಮವರ ರಕ್ತದಾಗ ಬಲಿತ ಕಣ, ಅರೆಬಲಿತ ಕಣ, ಎಳೇ ಕಣ ಎಲ್ಲಾ ಒಟ್ಟಿಗೆ ಹೊರಗ ಬಂದಾವ.”

ಚೀಲದ ತೂಕ ಕೇಳಿ ಯಾವ ದಲಾಲನೂ ದರ ಕಟ್ಟುವುದಿಲ್ಲ. ಬಾಯಿ ಬಿಚ್ಚಿ, ಕೈ ಹಾಕಿ, ಯಾವ ಕಾಯಿ ಎಷ್ಟಿದೆ ನೋಡುತ್ತಾನೆ. ನಾವು ತೂಕದ ಚೀಟಿ ಹಿಡಿದು ಎರಡು ಊರು ತಿರುಗಿದ್ದೆವು.

“ಸ್ವಲ್ಪ ಕಡಿಮಿ ಮಾಡಿ ಹೇಳ್ರಿ,” ಅಂತ ನನ್ನ ಬಾಯಿಂದ ಬಂತು.

“ಫೀ ಏನ, ಕೌಂಟ ಏನ?” ಅಂದರು ಡಾಕ್ಟರು.

“ರೋಗಾರೀ.”

ಅವರು ನಗಲಿಲ್ಲ. “ರಕ್ತದ ಕ್ಯಾನ್ಸರ್ ಇರಬೇಕು, ನಿಧಾನಕ್ಕ ನಡಿಯೋ ಜಾತಿ. ದೊಡ್ಡ ಆಸ್ಪತ್ರೆಯಾಗ ಮಜ್ಜೆ ನೋಡಿ ಖಾತ್ರಿ ಮಾಡ್ತಾರ. ಮೊದಲ ಇದಕ್ಕ ದಾರಿ ಇದ್ದಿಲ್ಲ, ಈಗ ಗುಳಿಗಿ ಬಂದೈತಿ. ಇನ್ನೂ ಕಾಯಬ್ಯಾಡ್ರಿ. ಈ ನಿಧಾನದ ರೋಗ ಒಮ್ಮೊಮ್ಮೆ ಓಡಾಕ ಹಿಡೀತೈತಿ. ಆಗ ನನ್ನ ಕೈಯಾಗಿಲ್ಲ, ನಿಮ್ಮ ಕೈಯಾಗೂ ಇಲ್ಲ.”

ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆವು. ನಾನು ಎರಡೂ ಚೀಟಿಗಳನ್ನು ಬಿಚ್ಚಿ ಮತ್ತೆ ಸೊನ್ನೆ ಎಣಿಸತೊಡಗಿದೆ. ಅವಳು ಮಾತ್ರ, “ಘಾಟಲ್ಲಂತ ಗೊತ್ತಾತಲ್ಲ. ಇನ್ನ ಅಂಗಡಿಗೆ ಬುತ್ತಿ ತರಬಹುದು,” ಅಂದಳು.

ದೊಡ್ಡ ಆಸ್ಪತ್ರೆಯಲ್ಲಿ ಖಾತ್ರಿಯಾಯಿತು. ಗುಳಿಗೆ ಶುರುವಾಯಿತು. ಕೆಲವೇ ವಾರಗಳಲ್ಲಿ ಕೌಂಟು ಹತ್ತು ಸಾವಿರದೊಳಗೆ ಬಂತು, ಹೊಟ್ಟೆಯೂ ಇಳಿಯಿತು. ಗೆಳೆಯ ಅಂಗಡಿಗೆ ಬಂದು, “ಗಳಗನಾಥದ ಗಾಳಿ ಈಗ ಹತ್ತಿತು ನೋಡು,” ಅಂದ. ಕೌಂಟು ಇಳಿದ ಮೇಲೆ ಗುಳಿಗೆಯನ್ನು ದಿನ ಬಿಟ್ಟು ದಿನ ಕೊಟ್ಟರೆ ಹೇಗೆ ಅಂತ ನಾನೂ ಒಮ್ಮೆ ಡಾಕ್ಟರನ್ನು ಕೇಳಿದೆ. ಉತ್ತರ ಕೊಟ್ಟವಳು ಹೆಂಡತಿ: “ನೀವು ದಿನ ಬಿಟ್ಟು ದಿನ ಉಸಿರಾಡ್ರಿ, ಆಮ್ಯಾಲ ನೋಡೂಣು.” ಅವಳು ಇವತ್ತಿನವರೆಗೂ ಒಂದು ಗುಳಿಗೆಯನ್ನೂ ತಪ್ಪಿಸಿಲ್ಲ.

ಓದುಗರೇ, ಕುದುರಿಸುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಜಾಗ ನೋಡಿ ಕುದುರಿಸಿ. ಗುಳಿಗೆಯ ಬೆಲೆಯಲ್ಲಿ ಕುದುರಿಸಿ. ಅದೇ ಔಷಧಿಯನ್ನು ಅಗ್ಗದಲ್ಲಿ ಮಾಡುವ ಕಂಪನಿ ಇದೆಯೇ, ಪುಕ್ಕಟೆ ಕೊಡುವ ಯೋಜನೆ ಇದೆಯೇ ಅಂತ ಡಾಕ್ಟರನ್ನೇ ಕೇಳಿ. ನನಗೆ ಬೆಲೆ ಅರ್ಧಕ್ಕಿಂತ ಕೆಳಗಿಳಿದದ್ದು ಹಾಗೆ ಕೇಳಿದ್ದರಿಂದಲೇ. ಗುಳಿಗೆಯ ಪ್ರಮಾಣದಲ್ಲಿ ಮಾತ್ರ ಕುದುರಿಸಬೇಡಿ. ಬಿಳಿ ಕಣ ಹನ್ನೆರಡು, ಹದಿನೈದು ಸಾವಿರ ಬಂದರೆ ಅತ್ತು ಕರೆಯಬೇಡಿ, ಕಾರಣ ಹುಡುಕಿಸಿ. ಐವತ್ತು ಸಾವಿರ, ಲಕ್ಷ ಅಂತ ಬಂದರೆ ಲ್ಯಾಬಿನಿಂದ ಲ್ಯಾಬಿಗೆ ಅಲೆಯುವ ಬದಲು, ಗಾಜಿನ ಮೇಲೆ ರಕ್ತ ಸವರಿ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ತಾವೇ ನೋಡುವ ಡಾಕ್ಟರ ಹತ್ತಿರ ಹೋಗಿ. ತಿಂದ ಗುಳಿಗೆ, ಪುಡಿ, ನಾಟಿ ಮದ್ದು ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿ. ಕೌಂಟು ಏರಿದ್ದರ ಜೊತೆ ಉಸಿರು ಕಟ್ಟುವುದು, ಕಣ್ಣು ಮಂಜಾಗುವುದು, ತಲೆ ಮಂಕಾಗುವುದು ಇದ್ದರೆ ನೇರ ದೊಡ್ಡ ಆಸ್ಪತ್ರೆಗೆ ಗಾಡಿ ಹತ್ತಿ. ಬಿಳಿ ಕಣ ಎಣಿಸುವ ಈ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ರೊಟ್ಟಿ ತಿಂದೇ ಹೋಗಿ, ಆದರೆ ಇವತ್ತೇ ಹೋಗಿ.